ಓಡುವಷ್ಟು ಹೊತ್ತು ಬಿಳಿಯ

ಕಪ್ಪು ಮೈಬಣ್ಣದವನು ಬಿಳಿಯನಿಗಿಂತ ಜೋರಾಗಿ ಓಡಲಾರನೆಂಬುದು ೧೯೩೭ನೆಯ ಇಸವಿಯ ಬೇಸಿಗೆಯವರೆಗೂ ಅರಸೀಕೆರೆಯ ಜಂಕ್ಷನ್ ಕ್ಲಬ್ಬಿನಲ್ಲಿ ಇತ್ಯರ್ಥವಾದ ಸಂಗತಿಯಾಗಿತ್ತು. ಹಿಂದಿನ ವರ್ಷ ಜರ್ಮನಿಯಲ್ಲಿ ಒಬ್ಬ ಕಪ್ಪು ಓಟಗಾರ ಬಿಳಿಯರನ್ನೆಲ್ಲ ಹಿಂದೆ ಹಾಕಿದ ಸುದ್ದಿ ಬಂದಿದ್ದೇನೋ ನಿಜ. ಆದರೆ ಕ್ಲಬ್ಬಿನ ಅಧ್ಯಕ್ಷರಾದ ಡಾಕ್ಟರ್ ಹಾಪ್‌ವುಡ್ ಸಾಹೇಬರು ಅದನ್ನು ಜರ್ಮನಿಯವರ ನಿರ್ಲಕ್ಷ್ಯದಿಂದಾದ ಪ್ರಮಾದವೆಂದು ತೀರ್ಮಾನಿಸಿ, ಅರಸೀಕೆರೆಯಲ್ಲಿ ಸರಿಪಡಿಸಲು ಮುಂದಾದರು. ಕೂಲಿಯವರ ಮೀನಖಂಡಗಳನ್ನು ಟೇಪು ಹಿಡಿದು ಅಳೆದು ಅವರು ಬರೆದ ಪುಸ್ತಕ ಆಗಲೇ ಲಂಡನ್ನಿನಲ್ಲಿ ಅಚ್ಚಾಗಿತ್ತು. ಈಗ ಸೋಲುವುದಕ್ಕೆ ಒಬ್ಬ ಬೇಕಾಗಿತ್ತು. ಗ್ಯಾಂಗ್‌ಮನ್ ಪುಟ್ಟಯ್ಯನನ್ನು ಕರೆಸಿದರು.

ಮುರಿದ ಹಳಿ ಕಂಡರೆ ಕೆಂಪು ಬಾವುಟ ಹಿಡಿದು ಮೇಲ್ ಗಾಡಿಗೆ ಎದುರಾಗಿ ಓಡುವುದು ಪುಟ್ಟಯ್ಯನ ಕೆಲಸ. ಅವನಿಗೆ ಜರ್ಮನಿಯ ಚಿಂತೆ ಇರಲಿಲ್ಲ, ನೀರಿನ ಚಿಂತೆ ಇತ್ತು. ಗ್ಯಾಂಗ್‌ಮನ್‌ಗಳ ಸಾಲುಮನೆಗೆ ಬೇಸಿಗೆಯಲ್ಲಿ ಕ್ಲಬ್ಬಿನೊಳಗಿನ ನಲ್ಲಿಯೊಂದೇ ಗತಿ. ಕ್ಲಬ್ಬಿನ ಮುಂದಿನ ಗೇಟು ಮನೆಗಳ ಎದುರಿಗೇ ಇತ್ತು, ಆದರೆ ಅದು ಬಿಳಿಯರಿಗೆ ಮಾತ್ರ. ಉಳಿದವರು ಎಂಜಿನ್ನುಗಳು ಹಿಂದೆ ಮುಂದೆ ಓಡಾಡುವ ಹಳಿಗಳನ್ನು ದಾಟಿ ಹಿಂದಿನ ಗೇಟಿನಿಂದ ಬರಬೇಕು. ಯುಗಾದಿಯ ಹಿಂದಿನ ದಿನ ಅವನ ಹೆಂಡತಿ ಭಾಗಮ್ಮ ಹಾಗೆ ದಾಟುವಾಗ ಎಂಜಿನ್ನು ಬಂದು ಕೊಡ ಅಪ್ಪಚ್ಚಿಯಾಗಿತ್ತು. ಭಾಗಮ್ಮ ಕೂದಲೆಳೆಯಲ್ಲಿ ಉಳಿದಿದ್ದಳು. ಅಂದಿನಿಂದ ಅವಳು ನೀರಿಗೆ ಹೊರಟರೆ ವಾಪಸ್ಸು ಬರುವವರೆಗೂ ಪುಟ್ಟಯ್ಯನಿಗೆ ತುತ್ತು ಇಳಿಯುತ್ತಿರಲಿಲ್ಲ.

"ನಾನು ಗೆದ್ರೆ ನಮ್ಮೋಳು ಮುಂದ್ಲ ಗೇಟಿಂದ ನೀರಿಗೆ ಬರಂಗಾಗ್ಬೇಕು, ಸ್ವಾಮಿ. ಅಷ್ಟೇಯ," ಎಂದ ಪುಟ್ಟಯ್ಯ.

ಗುಮಾಸ್ತ ರೇವಣಸಿದ್ದಪ್ಪ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ಸಾಹೇಬರು ನಕ್ಕರು. "ಆನೆ ಕೇಳಿದರೂ ಒಪ್ಪಿಕೊಳ್ಳಿ. ಹೇಗೂ ಸೋಲುತ್ತಾನೆ."

ಕ್ಲಬ್ಬಿನ ಮೈದಾನದಲ್ಲಿ ಓಟ ನಡೆಯಿತು. ಬಿಳಿಯರ ಪರವಾಗಿ ಬೂಟು ತೊಟ್ಟು ಓಡಿದ ಎಂಜಿನಿಯರ್ ಟರ್ನರ್ ಇನ್ನೂ ದಾರಿಯಲ್ಲಿದ್ದಾಗ, ಬರಿಗಾಲಿನ ಪುಟ್ಟಯ್ಯ ಆ ತುದಿಯ ತೆಂಗಿನ ಮರ ಮುಟ್ಟಿ ಬೆವರು ಒರೆಸಿಕೊಳ್ಳುತ್ತಿದ್ದ. ಬೇಲಿಯಾಚೆ ಸಾಲುಮನೆಯವರು ಕೇಕೆ ಹಾಕಿದರು. ಭಾಗಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅತ್ತೇಬಿಟ್ಟಳು.

ಕ್ಲಬ್ಬಿನ ಕಮಿಟಿ ತುರ್ತಾಗಿ ಸೇರಿತು. ಪುಸ್ತಕ ಅಚ್ಚಾಗಿರುವುದರಿಂದ ಅದನ್ನು ತಿದ್ದುವಂತಿರಲಿಲ್ಲ. ಪುಟ್ಟಯ್ಯ ಅಚ್ಚಾಗಿಲ್ಲದ ಕಾರಣ ಅವನನ್ನು ತಿದ್ದಬಹುದಾಗಿತ್ತು. ಮಾರನೆಯ ದಿನ ಮುಂದಿನ ಗೇಟಿನ ಮೇಲೆ ಪ್ರಕಟಣೆ ಅಂಟಿಸಿದರು:

"ಗ್ಯಾಂಗ್‌ಮನ್ ಪುಟ್ಟಯ್ಯನು ಬಿಳಿಯರನ್ನು ಮೀರಿಸಿ ಓಡಿರುವುದರಿಂದ, ಸದರಿಯವನು ಓಡುತ್ತಿದ್ದಷ್ಟು ಹೊತ್ತು ಬಿಳಿಯನೇ ಆಗಿದ್ದನೆಂದು ತೀರ್ಮಾನಿಸಲಾಗಿದೆ. ನಿಂತ ಕೂಡಲೇ ಸದರಿಯವನು ಯಥಾಸ್ಥಿತಿಗೆ ಬಂದಿರುತ್ತಾನೆ. ಆದ್ದರಿಂದ ಈ ದಾರಿಯಲ್ಲಿ ಓಡುವವರನ್ನು ಬಿಳಿಯರೆಂದೂ ಓಡದವರನ್ನು ಅಲ್ಲವೆಂದೂ ಭಾವಿಸತಕ್ಕದ್ದು. ಪಕ್ಷಪಾತದ ದೂರು ಬಾರದಿರಲೆಂದು ಈ ನಿಯಮವು ಸರ್ವರಿಗೂ ಅನ್ವಯಿಸುತ್ತದೆ."

ಗೇಟು ಕಾಯುವ ಕಾಳಯ್ಯ ಅದನ್ನು ಓದಿಸಿ ಕೇಳಿಸಿಕೊಂಡು, ರುಮಾಲು ಬಿಗಿಮಾಡಿ ನಿಂತ. ಕೊಡ ಹಿಡಿದು ಬಂದ ಭಾಗಮ್ಮನಿಗೆ, "ನಡೀಬ್ಯಾಡ ಕಣವ್ವಾ, ಓಡು! ನೀನು ನಡೆದ್ರೆ ನನ್ ಕೆಲ್ಸ ಹೋಯ್ತದೆ," ಎಂದ.

ಭಾಗಮ್ಮ ಓಡಿದಳು. ಮನೆ ಸೇರಿ ಕೊಡ ಇಳಿಸಿ ಗಂಡನನ್ನು ತರಾಟೆಗೆ ತೆಗೆದುಕೊಂಡಳು. "ಇದೆಂಥ ಗೆಲ್ಲಾದು ಗೆದ್ದೆ ನೀನು? ಅರ್ಧ ಕೊಡ ದಾರೀಲೇ ಚೆಲ್ಲೋಯ್ತು."

"ಕೊಡ ಅರ್ಧ ಬಂದ್ರೆ ಬರ್ಲಿ. ನೀನು ಪೂರ್ತಿ ಬಂದ್ಯಲ್ಲ, ಅಷ್ಟು ಸಾಕು ಕಣೇ," ಎಂದ ಪುಟ್ಟಯ್ಯ.

ಸಾಲುಮನೆಯ ಹೆಂಗಸರೆಲ್ಲ ಸೆರಗು ಸಿಕ್ಕಿಸಿ ಓಡತೊಡಗಿದರು. ಹೊತ್ತು ಮೂಡುವ ಮೊದಲೇ ಬಿಳಿಯರಾಗಿ ಬಂದು, ನಲ್ಲಿಯ ಮುಂದೆ ಯಥಾಸ್ಥಿತಿಗೆ ಮರಳಿ, ನೀರು ಹಿಡಿದು, ಮತ್ತೆ ಬಿಳಿಯರಾಗಿ ಮನೆಗೆ ಹೋಗುತ್ತಿದ್ದರು. ಯಾರಿಗೂ ತಕರಾರಿರಲಿಲ್ಲ.

ಹೀಗಿರುವಾಗ ಒಂದು ಸಂಜೆ, ಬೇಲೂರಿನ ಕಡೆ ಮೀನಖಂಡ ಅಳೆಯಲು ಹೋಗಿದ್ದ ಹಾಪ್‌ವುಡ್ ಸಾಹೇಬರು ಹಿಂದಿರುಗಿ, ಊರುಗೋಲು ಊರಿಕೊಂಡು ಗೇಟಿಗೆ ನಡೆದು ಬಂದರು. ಕಾಳಯ್ಯ ಸಲಾಮು ಹೊಡೆದು ಅಡ್ಡ ನಿಂತ.

"ಓಡ್ಬೇಕು, ಸ್ವಾಮಿ."

ಸಾಹೇಬರು ಪ್ರಕಟಣೆ ನೋಡಿದರು. ಕೆಳಗೆ ಅವರದೇ ಸಹಿ ಇತ್ತು. ನಿಯಮ ತೆಗೆದರೆ ಪುಟ್ಟಯ್ಯ ಗೆದ್ದಂತೆ, ಪುಸ್ತಕ ಸುಳ್ಳಾದಂತೆ. ಬೇರೆ ದಾರಿ ಕಾಣದೆ ಹ್ಯಾಟು ಒತ್ತಿ ಹಿಡಿದು ಓಡಿದರು. ಗುಲಾಬಿ ಪಾತಿಯ ಹತ್ತಿರ ಉಸಿರು ಕಟ್ಟಿ ನಿಂತುಬಿಟ್ಟರು.

"ನಿಂತ್ಬಿಟ್ರಿ ಸ್ವಾಮಿ," ಕಾಳಯ್ಯ ಬಹಳ ನೊಂದು ಹೇಳಿದ. "ಈಗ ಹಿಂದ್ಲ ಗೇಟಿಂದ್ಲೇ ಬರ್ಬೇಕು."

ಸಾಹೇಬರು ಹಳಿ ದಾಟಿಕೊಂಡು ಹಿಂದಿನ ಗೇಟಿಗೆ ಹೊರಟರು. ಎಂಜಿನ್ನು ಕೂಗಿತು. ಹ್ಯಾಟು ಅಪ್ಪಚ್ಚಿಯಾಯಿತು; ಸಾಹೇಬರು ಕೂದಲೆಳೆಯಲ್ಲಿ ಉಳಿದರು.

ಆ ರಾತ್ರಿಯೇ ಕಮಿಟಿ ಸೇರಿ, ಹಳಿ ದಾಟುವ ದಾರಿ ಮನುಷ್ಯರ ಪ್ರಾಣಕ್ಕೆ ಅಪಾಯಕರವೆಂಬುದನ್ನು ಮೊಟ್ಟಮೊದಲ ಬಾರಿಗೆ ಪತ್ತೆಹಚ್ಚಿತು. ಮಳೆಗಾಲಕ್ಕೆ ಮುಂಚೆ ಹಳಿಗಳ ಮೇಲೆ ಕಬ್ಬಿಣದ ಕಾಲುಸೇತುವೆ ಎದ್ದು ನಿಂತಿತು. ಓಡಲಾರದೆ ಸುತ್ತಿ ಬರುವ ಬಿಳಿಯರ ದಣಿವಾರಿಸಲು, ಸೇತುವೆಯ ಬುಡದಲ್ಲಿ, ಸಾಲುಮನೆಗಳ ಪಕ್ಕಕ್ಕೇ ಒಂದು ಹೊಸ ನಲ್ಲಿಯೂ ಬಂತು. ಅದು ಬಿಳಿಯರಿಗೆ ಮಾತ್ರವೆಂದು ಫಲಕ ಬರೆಯಲು ಹೋದ ರೇವಣಸಿದ್ದಪ್ಪ ಹಾಗೇ ಹಿಂದಿರುಗಿದ. ನಲ್ಲಿಯ ಮುಂದೆ ಎಲ್ಲರೂ ನಿಂತೇ ಇರುವುದರಿಂದ, ನಿಯಮದ ಪ್ರಕಾರ ಅಲ್ಲಿ ಬಿಳಿಯರು ಯಾರೂ ಇರಲಿಲ್ಲ.

ಮುಂದಿನ ಗೇಟಿಗೆ ಈಗ ಯಾರೂ ಬರುವುದಿಲ್ಲ. ಕಾಳಯ್ಯ ಮಾತ್ರ ತಪ್ಪದೆ ಕಾಯುತ್ತಾನೆ. ಸಂಜೆ ಹಾಪ್‌ವುಡ್ ಸಾಹೇಬರು ಸೇತುವೆ ಹತ್ತುವ ಮೊದಲು ಒಂದು ಗುಟುಕು ನೀರಿಗೆಂದು ನಲ್ಲಿಗೆ ಕೈಚಾಚಿದರೆ, ಭಾಗಮ್ಮ ತಿರುಗಿಯೂ ನೋಡದೆ ಹೇಳುತ್ತಾಳೆ:

"ಸರದಿ ಬರ್ಲಿ, ನಿಂತ್ಕಳಿ ಸ್ವಾಮಿ."

ಸಾಹೇಬರು ನಿಂತುಕೊಳ್ಳುತ್ತಾರೆ.