ಹಿಂದಿನ ರಟ್ಟಿನ ಕೊನೆಯ ಸಾಲು

ತುಮಕೂರು,
ರಂಜಾನ್ ಹಬ್ಬದ ಮರುವಾರ, ೧೯೮೪

ಅಮೆರಿಕ ದೇಶದ ಸಮಕಾಲೀನ ಲೇಖಕ ಲೇಖಕಿಯರ ಸಮಸ್ತ ಸಮೂಹಕ್ಕೆ,

ಮಾನ್ಯರೇ,

ಗುಬ್ಬಿಯಲ್ಲಿ ಹುಟ್ಟಿ, ಸದ್ಯಕ್ಕೆ ತುಮಕೂರಿನ ಪ್ರೆಸ್ಸೊಂದರಲ್ಲಿ ಅಚ್ಚಿನ ಮೊಳೆ ಜೋಡಿಸಿಕೊಂಡಿರುವ ನಯಾಜ್ ಅಹಮದ್ ಎಂಬ ಕನ್ನಡ ಕತೆಗಾರನು ತಮ್ಮೆಲ್ಲರಿಗೂ ಆದಾಬ್, ನಮಸ್ಕಾರ ಹಾಗೂ ಗುಡ್ ಮಾರ್ನಿಂಗ್‌ಗಳನ್ನು ಒಟ್ಟಿಗೇ ಅರ್ಪಿಸುತ್ತಾನೆ. ಯಾರಿಗೆ ಯಾವುದು ಒಗ್ಗುವುದೋ ಅದನ್ನು ತೆಗೆದುಕೊಂಡು ಮಿಕ್ಕಿದ್ದನ್ನು ಪಕ್ಕದವರಿಗೆ ದಾಟಿಸಬೇಕಾಗಿ ವಿನಂತಿ. ತಾವೆಲ್ಲ ಕ್ಷೇಮವೆಂದು ಬಲ್ಲೆ. ತಮ್ಮ ದೆಸೆಯಿಂದ ನನ್ನ ಮದುವೆ ಮುರಿದುಬಿದ್ದಿದೆ ಎಂಬುದನ್ನು ತಿಳಿಸಲೆಂದೇ ಈ ಪತ್ರ.

ತಮ್ಮ ಪರಿಚಯ ನನಗಾದದ್ದು ಅಜ್ಮತುಲ್ಲಾ ಅವರ ರದ್ದಿ ಅಂಗಡಿಯಲ್ಲಿ. ಬೆಂಗಳೂರಿನಿಂದ ಮೂಟೆಗಟ್ಟಲೆ ಬರುವ ಹಳೆಯ ಇಂಗ್ಲಿಷ್ ಕಾದಂಬರಿಗಳ ಧೂಳು ಒರೆಸಿ, ಹಿಂದಿನ ರಟ್ಟಿನ ಕೆಳಭಾಗಕ್ಕೆ ತಮ್ಮ ಅಂಗಡಿಯ ಹೆಸರು, ಬೆಲೆ ಬರೆದ ಚೀಟಿಯೊಂದನ್ನು ಮೈದಾ ಅಂಟಿನಲ್ಲಿ ಭದ್ರವಾಗಿ ಅಂಟಿಸಿ ಅವರು ಮಾರುತ್ತಾರೆ. ಒಳಗಿನ ಇಂಗ್ಲಿಷು ನನಗೆ ಕಬ್ಬಿಣದ ಕಡಲೆಯಾದರೂ ಹಿಂದಿನ ರಟ್ಟಿನ ಮೇಲಿನ ತಮ್ಮ ಪರಿಚಯ ಬಲು ಸಲೀಸು. ಅಬ್ಬಬ್ಬಾ, ಏನು ಬದುಕು ಸ್ವಾಮಿ ತಮ್ಮದು! ಒಬ್ಬರು ಹೋಟೆಲಿನಲ್ಲಿ ತಟ್ಟೆ ತೊಳೆದು, ಲಾರಿ ಓಡಿಸಿ, ಕಾಡಿನಲ್ಲಿ ಮರ ಕಡಿದು, ಸಾಲದ್ದಕ್ಕೆ ಜೈಲಿಗೂ ಹೋಗಿಬಂದು ಕಾದಂಬರಿ ಬರೆದಿದ್ದಾರೆ. ಇನ್ನೊಬ್ಬರು ಹೆಣ ಕಾದಿದ್ದಾರೆ. ಮಹಿಳೆಯೊಬ್ಬರು ಟೆಲಿಫೋನ್ ಆಪರೇಟರ್, ದಾದಿ, ಸರ್ಕಸ್ಸಿನಲ್ಲಿ ಟಿಕೆಟ್ ಹರಿಯುವವರು, ಎಲ್ಲವೂ ಆಗಿದ್ದಾರೆ. ಒಬ್ಬರ ತಂದೆ ದರ್ಜಿ, ಒಬ್ಬರ ಅಜ್ಜ ಗುಲಾಮ, ಮತ್ತೊಬ್ಬರ ತಾಯಿ ಹಡಗಿನಿಂದ ಇಳಿದಾಗ ಒಂದಕ್ಷರ ಇಂಗ್ಲಿಷ್ ಬಾರದವರು. ಇದನ್ನೆಲ್ಲ ಮುಚ್ಚಿಡುವ ಬದಲು ತಾವು ಪದಕದ ಹಾಗೆ ಎದೆಗೆ ಹಾಕಿಕೊಂಡು ಕಣ್ಣು ಕಿರಿದು ಮಾಡಿ ಫೋಟೋ ತೆಗೆಸಿಕೊಂಡಿದ್ದೀರಿ.

ನಮ್ಮಲ್ಲಿ ಹಾಗಲ್ಲ. ಕನ್ನಡ ಪುಸ್ತಕದ ಹಿಂದೆ ಲೇಖಕರ ಹುಟ್ಟೂರು, ಎಂ.ಎ., ಅಧ್ಯಾಪಕರಾಗಿರುವ ಕಾಲೇಜು, ಇಷ್ಟನ್ನು ಅಚ್ಚು ಹಾಕಿದರೆ ಮುಗಿಯಿತು. ಎಸ್ಸೆಸ್ಸೆಲ್ಸಿಗೆ ನಮಸ್ಕಾರ ಹೊಡೆದ ನಾನು ಅಲ್ಲಿ ಬರೆಸಿಕೊಳ್ಳುವುದಾದರೂ ಏನನ್ನು ಎಂದು ಕೊರಗುತ್ತಿದ್ದಾಗ ತಾವು ನನ್ನ ಕೈಹಿಡಿದಿರಿ. ನನ್ನ ಕಥಾಸಂಕಲನ ಹೋದ ವರ್ಷ ಹೊರಬಂದಾಗ ಹಿಂದಿನ ರಟ್ಟಿನಲ್ಲಿ ತಮ್ಮದೇ ಧಾಟಿಯಲ್ಲಿ ಹೀಗೆ ಬರೆಸಿದೆ: ‘ಪಾತ್ರೆಗಳಿಗೆ ಕಲಾಯಿ ಹಾಕುವವರ ಮಗನಾದ ಇವರು ಗುಬ್ಬಿಯ ಮಂಡಿಯಲ್ಲಿ ಕೊಬ್ಬರಿ ಆರಿಸಿದರು, ಸಂತೆಯಲ್ಲಿ ಪ್ಲಾಸ್ಟಿಕ್ ಕೊಡ ಮಾರಿದರು, ಲಾರಿ ಕ್ಲೀನರ್ ಆದರು, ಕುಣಿಗಲ್‌ನಲ್ಲಿ ಕುದುರೆಗಳಿಗೆ ಹುಲ್ಲು ಹಾಕಿದರು, ಅಂತರಸನಹಳ್ಳಿಯಲ್ಲಿ ಲೇತ್ ತಿರುಗಿಸಿದರು. ಎಲ್ಲವನ್ನೂ ಬಿಟ್ಟರು.’ ಕೊನೆಯ ವಾಕ್ಯ ಬರೆದಾಗ ನನಗೇ ಮೈ ಜುಮ್ಮೆಂದಿತು.

ಇದೇ ಹೊತ್ತಿಗೆ ಕುಣಿಗಲ್‌ನ ಬುಡನ್ ಸಾಬ್ ಅವರ ಮಗಳು ರಝಿಯಾ, ವಾರಪತ್ರಿಕೆಯಲ್ಲಿ ಬಂದ ನನ್ನ ಕತೆಯೊಂದನ್ನು ಕತ್ತರಿಸಿ ಇಟ್ಟುಕೊಂಡಿದ್ದಾರೆಂಬ ಸುದ್ದಿ ನನ್ನ ಚಿಕ್ಕಮ್ಮ ಖುರ್ಷಿದಾ ಬೇಗಂ ಅವರ ಮೂಲಕ ತಲುಪಿತು. ನನ್ನ ಕತೆಯನ್ನು ಅದುವರೆಗೆ ಯಾರೂ ಕತ್ತರಿಸಿ ಇಟ್ಟುಕೊಂಡಿರಲಿಲ್ಲ. ಮದುವೆಯಾದರೆ ಅವರನ್ನೇ ಎಂದು ನಾನು ಮನಸಾರೆ ಬಯಸಿದೆ. ಸಂಬಂಧ ಕೇಳಲು ಹೊರಟ ಚಿಕ್ಕಮ್ಮ, ತಟ್ಟೆಯಲ್ಲಿ ಸಕ್ಕರೆ, ಹೂವು, ವೀಳ್ಯದೆಲೆಯ ಜೊತೆಗೆ ಹುಡುಗನ ಘನತೆಗಿರಲೆಂದು ನನ್ನ ಪುಸ್ತಕವನ್ನೂ ಇಟ್ಟರು. ಆದರೆ ಬೋರಲಾಗಿ ಇಟ್ಟರು.

ಬುಡನ್ ಸಾಬ್ ಅವರು ತಂದೆಯ ಕಾಲದಿಂದ ಒಂದೇ ಕಬ್ಬಿಣದ ಅಂಗಡಿಯ ಒಂದೇ ಗಲ್ಲಾದ ಹಿಂದೆ ಕೂತವರು. ಉರ್ದು ಮಾತ್ರ ಓದಬಲ್ಲ ಅವರಿಗೆ, ಪಕ್ಕದ ಅಂಗಡಿಯ ಶಿವರಾಮಯ್ಯನವರು ರಟ್ಟಿನ ಮೇಲಿದ್ದುದನ್ನು ರಾಗವಾಗಿ ಓದಿ ಹೇಳಿದರಂತೆ. ಸಾಬರು ಸಕ್ಕರೆಯನ್ನು ಬಾಯಿಗೆ ಹಾಕದೆಯೇ ಹೇಳಿದ್ದು ಇಷ್ಟು: “ಎಲ್ಲಾ ಕೆಲ್ಸಾನೂ ಬಿಟ್ಟವ್ನೆ ಕಣ್ರೀ ಶಿವರಾಮಯ್ಯ, ನಾಳೆ ನನ್ ಮಗಳನ್ನ ಬಿಡಲ್ಲ ಅಂತ ಏನ್ ಗ್ಯಾರಂಟಿ?”

ನಾನು ಎದೆಗುಂದಲಿಲ್ಲ. ತಾವಿದ್ದಿರಲ್ಲ! ತಮ್ಮ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಕುಣಿಗಲ್ ಬಸ್ಸು ಹತ್ತಿದೆ. ಜಗತ್ಪ್ರಸಿದ್ಧರೆಲ್ಲ ಹೀಗೆಯೇ ಹತ್ತು ಕೆಲಸ ಬಿಟ್ಟವರು ಎಂದು ಸಾಬರ ಮನೆಯಲ್ಲಿ, ಅವರ ಹಾಗೂ ಶಿವರಾಮಯ್ಯನವರ ಮುಂದೆ ಒಂದೊಂದಾಗಿ ಹರಡಿ ವಿವರಿಸಿದೆ. ಶಿವರಾಮಯ್ಯನವರು ಜೈಲಿಗೆ ಹೋದವರನ್ನು ಪಕ್ಕಕ್ಕೆ ಸರಿಸಿದರಾದರೂ ಮಿಕ್ಕವರ ಬಗ್ಗೆ ಸಾಬರ ಮುಖ ತುಸು ಸಡಿಲವಾಯಿತು. ಇಂಗ್ಲಿಷ್ ಬಲ್ಲ ಮಗಳು ನೋಡಲಿ ಎಂದು ಪುಸ್ತಕಗಳನ್ನು ಪರದೆಯಾಚೆಗೆ ಕಳಿಸಿದರು. ರಝಿಯಾ ಅವರು ಶ್ರದ್ಧೆಯಿಂದ ಓದುವವರು. ಅಜ್ಮತುಲ್ಲಾ ಅವರ ಚೀಟಿ ಅಡ್ಡ ಬಂದದ್ದರಿಂದ ಅದನ್ನು ಉಗುರಿನಿಂದ ಎಬ್ಬಿಸಿದ್ದಾರೆ. ಇಷ್ಟು ವರ್ಷ ನನಗೆ ತೋಚದೇ ಹೋದದ್ದು ಅದೊಂದೇ.

“ಅಬ್ಬಾ, ಕೆಳಗಡೆ ಇನ್ನೊಂದ್ ಲೈನ್ ಐತೆ. ಈಗ ಇವ್ರು ಯೂನಿವರ್ಸಿಟೀಲಿ ಪ್ರೊಫೆಸರ್ ಅಂತೆ,” ಎಂದು ತಂದೆಗೆ ಹೇಳಿತು ಪರದೆಯ ಹಿಂದಿನ ದನಿ. ಇನ್ನೊಂದು ಚೀಟಿ ಹರಿದ ಸದ್ದು. “ಇವ್ರೂನು.” ಮತ್ತೊಂದು. “ಇವ್ರೂ ಅಷ್ಟೇ.” ನಾನು ರಝಿಯಾ ಅವರ ದನಿ ಕೇಳಿದ್ದು ಅದೇ ಮೊದಲು, ಅದೇ ಕೊನೆ. ಕೊನೆಕೊನೆಗೆ ಆ ದನಿ ತಗ್ಗಿತ್ತು ಎಂದು ನನ್ನ ನಂಬಿಕೆ.

“ನೋಡಪ್ಪಾ,” ಎಂದರು ಸಾಬರು, ಮರ್ಯಾದೆಯಿಂದಲೇ, “ಅವ್ರೆಲ್ಲಾ ಪರ್ಮನೆಂಟ್ ಆಗವ್ರೆ. ನೀನು?”

ಮಾನ್ಯರೇ, ತಟ್ಟೆ ತೊಳೆದದ್ದನ್ನು ದಪ್ಪಕ್ಷರದಲ್ಲಿ ಮೇಲೆ ಸಾರಿ, ಪಿಂಚಣಿಯ ಕೆಲಸವನ್ನು ಚೀಟಿಯಡಿ ಅಡಗುವಷ್ಟು ವಿನಯದಿಂದ ಕೆಳಗೆ ಹೇಳುವ ತಮ್ಮ ಸಂಕೋಚ ಸ್ವಭಾವಕ್ಕೆ ಎಷ್ಟು ಕೈಮುಗಿದರೂ ಕಡಿಮೆಯೇ. ಸಾಗರ ದಾಟಿ ಹುಡುಕಿದರೂ ನನಗೆ ಸಿಕ್ಕಿದ್ದು ಮೇಷ್ಟ್ರುಗಳೇ! ಆದ್ದರಿಂದ ನನ್ನದೊಂದು ಸಣ್ಣ ಕೋರಿಕೆ. ತಮ್ಮಲ್ಲೊಬ್ಬರು, ಲಾರಿ ಓಡಿಸಿದವರಾದರೆ ಉತ್ತಮ, ಕೂಡಲೇ ಪ್ರೊಫೆಸರಿಕೆಗೆ ರಾಜೀನಾಮೆ ಕೊಟ್ಟು, ರಾಜೀನಾಮೆಯ ಪ್ರತಿಯೊಂದಿಗೆ ಕುಣಿಗಲ್‌ಗೆ ಬಂದು, ಬುಡನ್ ಸಾಬ್ ಅವರ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು, ಕೆಲಸ ಬಿಟ್ಟವನೂ ಹೆಂಡತಿಯನ್ನು ಬಿಡದೆ ಬಾಳಬಲ್ಲ ಎಂದು ಪ್ರಮಾಣ ಮಾಡತಕ್ಕದ್ದು. ತಮ್ಮ ಪೈಕಿ ಮೂರು ಮೂರು ಹೆಂಡಿರನ್ನು ಬಿಟ್ಟವರು ದಯವಿಟ್ಟು ಈ ಕಾರ್ಯಕ್ಕೆ ಮುಂದಾಗಬಾರದು. ಅದಾಗದಿದ್ದರೆ, ಗುಬ್ಬಿಯಲ್ಲೊಂದು ಯೂನಿವರ್ಸಿಟಿ ತೆರೆದು, ಕಲಾಯಿಯವರ ಮಗನಿಗೆ ಒಂದು ಕುರ್ಚಿ ಹಾಕಿಸಿಕೊಡಿ. ನಾನು ಪಾಠ ಮಾಡುವುದಿಲ್ಲ, ಸುಮ್ಮನೆ ಕೂತಿರುತ್ತೇನೆ. ಸಾಬರು ಬಂದು ನೋಡಿಕೊಂಡು ಹೋದರೆ ಸಾಕು.

ಇಷ್ಟೆಲ್ಲ ಆದರೂ ತಮ್ಮ ಮೇಲಿನ ಭರವಸೆ ಬಿಡಲಾರದ ತಮ್ಮ ವಿಶ್ವಾಸಿ,

ನಯಾಜ್ ಅಹಮದ್
(ಕತೆಗಾರ, ಸದ್ಯಕ್ಕೆ)

ತಾ.ಕ.: ಪತ್ರ ಮುಗಿಸಿ ಅಂಚೆಗೆ ಹಾಕುವ ಮುನ್ನ ನಮ್ಮ ಪ್ರೆಸ್ಸಿಗೆ ಮದುವೆ ಕಾರ್ಡೊಂದು ಅಚ್ಚಿಗೆ ಬಂತು. ಉರ್ದು ಕಾರ್ಡು ಬೆಂಗಳೂರಿನಲ್ಲಿ ಆಗುತ್ತಿದೆಯಂತೆ, ಶಿವರಾಮಯ್ಯನವರಂಥ ಸ್ನೇಹಿತರಿಗಾಗಿ ಕನ್ನಡದ್ದು ನಮ್ಮಲ್ಲಿ. ವರ ಕೊತ್ತಗೆರೆಯವರು, ಮನೆಮನೆಗೆ ಹೋಗಿ ಕರೆಂಟು ಮೀಟರು ಓದುವ ಸರ್ಕಾರಿ ಉದ್ಯೋಗ; ಬೇರೇನನ್ನೂ ಓದುವ ಅಭ್ಯಾಸವಿಲ್ಲವೆಂದು ಕೇಳಿದೆ. ರಝಿಯಾ ಎಂಬ ಹೆಸರನ್ನು ನಾನೇ ಮೊಳೆಗೆ ಮೊಳೆ ಜೋಡಿಸಿದೆ. ಕಾರ್ಡಿನಲ್ಲಿ ಒಂದು ತಪ್ಪೂ ಇಲ್ಲದ್ದನ್ನು ಕಂಡು ಮೆಚ್ಚಿದ ಮಾಲೀಕರು ಇವತ್ತಿನಿಂದ ನನ್ನನ್ನು ಪರ್ಮನೆಂಟ್ ಮಾಡಿದ್ದಾರೆ. ತಮ್ಮ ಮುಂದಿನ ಪುಸ್ತಕದ ಹಿಂದಿನ ರಟ್ಟಿನಲ್ಲಿ ನನ್ನ ಈ ಸಾಲಿಗೂ ಕೆಳಗೆಲ್ಲಾದರೂ ಜಾಗ ಮಾಡಿಕೊಡಿ. ಮೇಲೆ ಅಂಟಿಸಲು ಅಜ್ಮತುಲ್ಲಾ ಅವರ ಬಳಿ ಚೀಟಿಗಳು ಬೇಕಾದಷ್ಟಿವೆ.