ಗಾದ್ರಮ್ಮನ ಕಾಶಿಯಾತ್ರೆಯೂ ಗೋಣಿಕಟ್ಟೆ ಹಾಲ್ಟೂ

ಗೋಣಿಕಟ್ಟೆ ಹಾಲ್ಟಿನ ಗ್ರಹಚಾರ ಕೆಟ್ಟಿದ್ದು ಒಂದು ಎಮ್ಮೆಯಿಂದ. ರೈಲ್ವೆಯ ದೊಡ್ಡ ಸಾಹೇಬರೊಬ್ಬರು ಹುಬ್ಬಳ್ಳಿ ಕಡೆಗೆ ಹೋಗುವಾಗ ಕಿಟಕಿಯಿಂದ ಹೊರಗೆ ನೋಡಿದ್ದಾರೆ. ಟಿಕೆಟ್ ಕಿಂಡಿಯ ಮುಂದೆ ಎಮ್ಮೆಯೊಂದು ಮಲಗಿ ಮೆಲುಕು ಹಾಕುತ್ತಿತ್ತು. ಅದನ್ನು ಬಿಟ್ಟರೆ ಪ್ಲಾಟ್‌ಫಾರಂ ಮೇಲೆ ನರಪಿಳ್ಳೆ ಇರಲಿಲ್ಲ. ಒಂದು ಎಮ್ಮೆಗೋಸ್ಕರ ದಿನಾ ರೈಲು ನಿಲ್ಲಿಸಬೇಕೇ ಎಂದು ಸಾಹೇಬರು ಕೇಳಿದರಂತೆ. ಸಂಜೆ ಪ್ಯಾಸೆಂಜರಿನ ಗಾರ್ಡು ಈ ಸುದ್ದಿಯನ್ನು ಹಾಲ್ಟಿನಲ್ಲಿ ಟಿಕೆಟ್ ಮಾರುವ ಚಿತ್ತಪ್ಪನ ಕಿವಿಗೆ ಹಾಕಿದ.

“ನಾಳೆ ಬೆಳಗಿನ ಗಾಡಿಯಾಗೆ ಸಾಹೇಬ್ರೇ ಬರ್ತಾರೆ. ಜನ ಕಂಡ್ರೆ ಹಾಲ್ಟು ಉಳೀತು. ಇಲ್ಲಾಂದ್ರೆ ಬೋರ್ಡು ಕಿತ್ತು ನನ್ನ ಡಬ್ಬಿಗೇ ಹಾಕ್ಕೊಂಡು ಹೋಗಾಕೆ ಹೇಳ್ಯಾರೆ,” ಎಂದು ಹೇಳಿ ಹಸಿರು ಬಾವುಟ ಬೀಸಿ ಹೊರಟೇಹೋದ.

ಊರವರೆಲ್ಲ ಚಿತ್ತಪ್ಪನನ್ನು ಸ್ಟೇಷನ್ ಮಾಸ್ಟರು ಎಂದೇ ಕರೆಯುತ್ತಿದ್ದರೂ ಅವನು ರೈಲ್ವೆ ನೌಕರನೇ ಆಗಿರಲಿಲ್ಲ. ಜಂಕ್ಷನ್ನಿನಿಂದ ಟಿಕೆಟ್ಟುಗಳನ್ನು ತಂದು ಮಾರಿ, ಮಾರಿದ್ದಕ್ಕೆ ಕಮಿಷನ್ ತೆಗೆದುಕೊಳ್ಳುವ ಹಾಲ್ಟ್ ಏಜೆಂಟು. ಬಿಳಿ ಕೋಟು ಅವನೇ ದುಡ್ಡು ಕೊಟ್ಟು ಹೊಲಿಸಿಕೊಂಡದ್ದು. ಆ ಕೋಟನ್ನು ನೋಡಿಯೇ ಹೊನ್ನಾಳಿಯ ನಾಗೇಂದ್ರಪ್ಪನವರು, ಅಳಿಯ ಸರ್ಕಾರಿ ನೌಕರ, ಪಿಂಚಣಿ ಗ್ಯಾರಂಟಿ ಎಂದು ಮಗಳು ಉಚ್ಚಂಗಮ್ಮನನ್ನು ಧಾರೆ ಎರೆದಿದ್ದರು. ಹಾಲ್ಟು ಹೋದರೆ ಅನ್ನವೂ ಹೋಯಿತು, ಮಾವನ ಮುಂದೆ ಮಾನವೂ ಹೋಯಿತು. ಚಿತ್ತಪ್ಪನಿಗೆ ಅನ್ನಕ್ಕಿಂತ ಮಾನದ್ದೇ ಹೆಚ್ಚು ಭಯ.

ಓಡಿಹೋದದ್ದು ಬೆನಕಪ್ಪನ ಮಂಡಕ್ಕಿ ಅಂಗಡಿಗೆ. ಬೆನಕಪ್ಪ ಗೋಣಿಕಟ್ಟೆ ರೈಲ್ವೆ ಅಭಿವೃದ್ಧಿ ಸಮಿತಿಯ ಅಧ್ಯಕ್ಷ. ಸ್ಟೇಷನ್ನಿಗೆ ದೀಪ ಬೇಕು, ನಲ್ಲಿ ಬೇಕು, ಮೇಲ್ಸೇತುವೆ ಬೇಕು, ಬೆಂಗಳೂರು ಮೇಲ್ ಇಲ್ಲಿ ನಿಲ್ಲಬೇಕು, ಇಲ್ಲಿಂದ ಚನ್ನಗಿರಿ ಮೇಲೆ ಹಾಯ್ದು ನ್ಯಾಮತಿಗೆ ಹೊಸ ಲೈನು ಎಳೆಯಬೇಕು, ಆಮೇಲೆ ಅದನ್ನು ಹಿಂದಕ್ಕೆ ತಿರುಗಿಸಿ ಜಗಳೂರಿಗೂ ಮುಟ್ಟಿಸಬೇಕು ಎಂದು ಸಮಿತಿ ವರ್ಷಕ್ಕೊಮ್ಮೆ ಠರಾವು ಮಾಡುತ್ತಿತ್ತು. ಸಮಿತಿಯವರು ಯಾರೂ ಈವರೆಗೆ ರೈಲು ಹತ್ತಿರಲಿಲ್ಲ. ದಾವಣಗೆರೆ ಬಸ್ಸು ಮಂಡಕ್ಕಿ ಅಂಗಡಿಯ ಮುಂದೆಯೇ ನಿಲ್ಲುತ್ತಿತ್ತು.

“ಬೆನಕಪ್ಪಾರೇ, ನಾಳೆ ನೂರು ಜನ ರೈಲು ಹತ್ತಬೇಕು,” ಎಂದ ಚಿತ್ತಪ್ಪ.

“ಹತ್ತಿ ಎಲ್ಲಿಗೆ ಹೋಗ್ಬೇಕು?”

“ಎಲ್ಲಿಗಾದ್ರೂ ಹೋಗ್ಲಿ.”

“ಸುಮ್ಸುಮ್ನೆ ಹೋಗಾಕೆ ನಮ್ಮೂರ ಜನಕ್ಕೇನು ತಲೆ ಕೆಟ್ಟೈತಾ? ಹತ್ತಾಕೆ ಒಬ್ರೂ ಬರಲ್ಲ. ಕಳಿಸಾಕೆ ಅಂದ್ರೆ ಎಷ್ಟು ಬೇಕು ಅಷ್ಟು ಬರ್ತಾರೆ,” ಎಂದ ಬೆನಕಪ್ಪ ಮಿರ್ಚಿ ಹಿಟ್ಟು ಕಲಸುತ್ತ.

ಮಾತು ಸುಳ್ಳಲ್ಲ. ಗೋಣಿಕಟ್ಟೆಯಲ್ಲಿ ಯಾರಾದರೂ ಊರು ಬಿಟ್ಟು ಹೊರಟರೆ ಇಡೀ ಕೇರಿ ಕಳಿಸಲು ಬರುವುದು ಪದ್ಧತಿ. ಹೆರಿಗೆಗೆ ತವರಿಗೆ ಹೋಗುವವಳಿಂದ ಹಿಡಿದು ಕೋರ್ಟಿಗೆ ಹೋಗುವವನವರೆಗೆ ಎಲ್ಲರನ್ನೂ ಬಸ್ಸಿನ ತನಕ ಬಿಟ್ಟು, ಕಣ್ಣೀರು ಹಾಕಿ, ಕೈ ಬೀಸಿಯೇ ಬರಬೇಕು. ಬಾರದವರ ಮನೆಗೆ ಆಮೇಲೆ ಯಾರೂ ಬೆಂಕಿ ಕೇಳಲಿಕ್ಕೂ ಹೋಗುವುದಿಲ್ಲ.

ಹಾಗಾದರೆ ಹೊರಡಲು ಒಬ್ಬರು ಬೇಕಲ್ಲ. ಇಬ್ಬರೂ ಯೋಚಿಸಿ ಎಮ್ಮೆಯ ಒಡತಿ ಗಾದ್ರಮ್ಮನನ್ನೇ ಹಿಡಿದರು. ಮುದುಕಿಗೆ ಹಿಂದೆ ಮುಂದೆ ಯಾರೂ ಇಲ್ಲ. ಜಂಕ್ಷನ್ನಿನವರೆಗೆ ಹೋಗಿ ಸಂಜೆ ಗಾಡಿಗೆ ವಾಪಸು ಬಂದರೆ ಸಾಕು, ಟಿಕೆಟ್ ಪುಕ್ಕಟೆ ಎಂದ ಚಿತ್ತಪ್ಪ.

“ಹೋಗ್ಬೋದಪ್ಪ. ಎಮ್ಮೆ ಹಿಂಡೋರ್ಯಾರು?”

“ನಾ ಹಿಂಡ್ತೀನಿ ಬಿಡಜ್ಜಿ.”

ಚಿತ್ತಪ್ಪ ಜನ್ಮದಲ್ಲಿ ಎಮ್ಮೆಯ ಕೆಚ್ಚಲು ಮುಟ್ಟಿದವನಲ್ಲ. ಬೆಳಿಗ್ಗೆ ಬಿಳಿ ಕೋಟಿನಲ್ಲೇ ಚೊಂಬು ಹಿಡಿದು ಕುಳಿತ. ಎಮ್ಮೆ ಒಮ್ಮೆ ತಿರುಗಿ ನೋಡಿ, ಇವನು ಯಾರೆಂದು ತಿಳಿದು ಒದೆಯಿತು. ಚೊಂಬು ಒಂದು ಕಡೆ, ಅವನು ಸಗಣಿಯ ಕಡೆ. ಎದ್ದು ಕೋಟು ಒರೆಸಿಕೊಳ್ಳುತ್ತ ಸ್ಟೇಷನ್ನಿನ ಕಡೆ ನೋಡಿದರೆ ಅಲ್ಲಿ ಜಾತ್ರೆಗಿಂತ ಹೆಚ್ಚಿನ ಜನ ಸೇರಿದ್ದರು. ಕತ್ತಲಗೆರೆಯಿಂದ, ಸೂಳೆಕೆರೆ ಸುತ್ತಿನ ಹಳ್ಳಿಗಳಿಂದ ಎತ್ತಿನ ಗಾಡಿಗಳು ಬಂದಿದ್ದವು. ಹೊನ್ನಾಳಿ ಬಸ್ಸು ಪೂರ್ತಿ ಇಲ್ಲೇ ಖಾಲಿಯಾಗಿತ್ತು. ಡೊಳ್ಳು ಬಾರಿಸುತ್ತಿದ್ದರು. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಖಾಲಿ ಬಾಟಲಿ.

“ಏನ್ರೀ ಇದು?” ಎಂದು ಬೆನಕಪ್ಪನನ್ನು ಕೇಳಿದ.

“ಜಂಕ್ಷನ್ನಿಗೆ ಹೋಗ್ತಾಳೆ ಅಂದ್ರೆ ಯಾರು ಬರ್ತಾರ್ರೀ? ಕಾಶಿಗೆ ಹೋಗ್ತಾಳೆ ಅಂತ ಡಂಗುರ ಹೊಡಿಸ್ದೆ. ಗಂಗಾಜಲ ತರಾಕೆ ಎಲ್ರೂ ಸೀಸೆ ಕೊಡಾಕೆ ಬಂದಾರೆ.”

ಔಷಧಿ ಸೀಸೆ, ಎಣ್ಣೆ ಸೀಸೆ, ಷರಬತ್ತಿನ ಸೀಸೆ, ಚೆನ್ನಾಗಿ ತೊಳೆದರೂ ಹಳೆಯ ವಾಸನೆ ಬಿಡದ ಬ್ರಾಂದಿ ಸೀಸೆ, ಎಲ್ಲವೂ ಗಾದ್ರಮ್ಮನ ಮುಂದೆ ಗುಡ್ಡೆ ಬಿದ್ದಿದ್ದವು. ಗಂಗಮ್ಮನಿಗೆಂದು ಹಾಕಿದ ಚಿಲ್ಲರೆಯಿಂದ ಅವಳ ಮಡಿಲು ಜೋತು ಬಿದ್ದಿತ್ತು. ಹೆಂಗಸರು ಸಾಲಾಗಿ ಕಾಲಿಗೆ ಬೀಳುತ್ತಿದ್ದರು. ಗಾದ್ರಮ್ಮ ನಿನ್ನೆಯ ಮಾತನ್ನೆಲ್ಲ ಮರೆತು, ಹುಟ್ಟಿದಾಗಿನಿಂದ ಕಾಶಿಗೇ ಹೊರಟವಳಂತೆ ಕೈಯೆತ್ತಿ ಹರಸುತ್ತಿದ್ದಳು. ಆ ಸಾಲಿನಲ್ಲಿ ಚಿತ್ತಪ್ಪನ ಮಾವ ನಾಗೇಂದ್ರಪ್ಪನವರೂ ಸೀಸೆ ಹಿಡಿದು ನಿಂತಿದ್ದರು, ಪಕ್ಕದಲ್ಲಿ ಉಚ್ಚಂಗಮ್ಮ.

“ಅಳಿಯಂದ್ರೇ, ನಿಮ್ಮ ಸ್ಟೇಷನ್ನು ಭಾಳ ಜೋರೈತೆ ಬಿಡ್ರಿ,” ಎಂದರು ಮಾವ. ಚಿತ್ತಪ್ಪ ಕೋಟಿನ ಸಗಣಿಯ ಮೇಲೆ ಕೈ ಮುಚ್ಚಿಕೊಂಡು ನಕ್ಕ.

ಅಷ್ಟರಲ್ಲಿ ಗಾಡಿ ಬಂತು. ಸಾಹೇಬರು ಇಳಿದರು. ಜನ ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಎಷ್ಟು ಟಿಕೆಟ್ ಕೊಟ್ಟಿದ್ದೀಯ ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ಒನ್, ಸಾರ್,” ಎಂದ ಚಿತ್ತಪ್ಪ. ಹೆದರಿದಾಗ ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಸಾಹೇಬರ ಹುಬ್ಬು ಮೇಲೇರಿತು. ಅವರು ಇನ್ನೊಂದು ಮಾತಾಡುವ ಮೊದಲೇ ಗಾದ್ರಮ್ಮ ರೈಲು ಹತ್ತಿದಳು. ಅವಳನ್ನು ಕೂರಿಸಲು ನಾಲ್ವರು ಹತ್ತಿದರು. ಸೀಸೆ ಹೊತ್ತು ಇನ್ನಷ್ಟು ಜನ ಹತ್ತಿದರು. ಕಾಲಿಗೆ ಬೀಳುವುದು ಬಾಕಿಯಿದ್ದವರೆಲ್ಲ ಆ ಕಡೆ ಬಾಗಿಲಿನಿಂದಲೂ ಈ ಕಡೆ ಬಾಗಿಲಿನಿಂದಲೂ ನುಗ್ಗಿದರು. ಡೊಳ್ಳಿನವರೂ ಹತ್ತಿದರು. ಸಾಹೇಬರು ಗಡಿಯಾರ ನೋಡಿದ್ದೇ ತಡ, ಗಾಬರಿಯಾದ ಗಾರ್ಡು ಸಾಹೇಬರನ್ನು ಹತ್ತಿಸಿಕೊಂಡು ಸೀಟಿ ಊದಿಬಿಟ್ಟ. ಉಗಿ ಬಿಟ್ಟು ರೈಲು ಹೊರಟಿತು. ಅರ್ಧ ಗೋಣಿಕಟ್ಟೆ ಟಿಕೆಟ್ಟಿಲ್ಲದೆ ಅದರಲ್ಲಿತ್ತು. ಕಿಟಕಿಯಲ್ಲಿ ಉಚ್ಚಂಗಮ್ಮನ ಮುಖ ಒಮ್ಮೆ ಕಂಡು ಮಾಯವಾಯಿತು.

ಅಲ್ಲಿಂದ ಚಿತ್ತಪ್ಪನ ಪಾಡು ಯಾರಿಗೂ ಬೇಡ. ಶಾಲೆಯಲ್ಲಿ ಹೆಡ್‌ಮಾಸ್ತರರಿಲ್ಲ, ಅಂಚೆ ಕಚೇರಿಯಲ್ಲಿ ಪೋಸ್ಟ್‌ಮಾಸ್ತರರಿಲ್ಲ, ಗುಡಿಯಲ್ಲಿ ಪೂಜಾರಿಯಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಸಿದ ಗಂಡಂದಿರು ಟಿಕೆಟ್ ಕಿಂಡಿಯ ಮುಂದೆ ಸೇರಿದರು.

“ನಮ್ಮನೆಯೋಳು ಎಲ್ರೀ ಮಾಸ್ತರ್ರೇ? ಕಳಿಸಾಕೆ ಅಂತ ಬಂದ್ಲು, ಅವಳ್ನೇ ಕಳಿಸಿಬಿಟ್ರಲ್ಲ,” ಎಂದು ಜಯಪ್ಪ ಎಂಬ ರೈತ ಕಿಂಡಿಯೊಳಗೆ ಕೈ ಹಾಕಿದ.

“ನನ್ನ ಹೆಂಡ್ತಿನೂ ಅದ್ರಾಗೇ ಹೋಗ್ಯಾಳೆ ಕಣಣ್ಣ.”

“ಅದು ನಿನ್ನ ರೈಲು, ಹೋಗ್ಲಿ. ನನಗೆ ರೊಟ್ಟಿ ಬಡಿಯೋರ್ಯಾರು?”

ಚಿತ್ತಪ್ಪ ಒಳಗಿನಿಂದ ಅಗಳಿ ಹಾಕಿಕೊಂಡು ಕುಳಿತ. ಜಂಕ್ಷನ್ನಿನಲ್ಲಿ ಸಾಹೇಬರ ಕಣ್ಣೆದುರೇ ಎಲ್ಲರೂ ಸಿಕ್ಕಿಬಿದ್ದಿರುತ್ತಾರೆ, ದಂಡ ಬಿದ್ದಿರುತ್ತದೆ, ಸಂಜೆ ಬಂದವರು ತನ್ನನ್ನು ಹಳಿಗೆ ಕಟ್ಟಿಹಾಕುತ್ತಾರೆ ಎಂದು ಲೆಕ್ಕ ಹಾಕಿದ. ಅವನಿಗೆ ನಿಜವಾಗಿ ಅಳು ಬಂತು.

ಸಂಜೆ ಪ್ಯಾಸೆಂಜರು ಬಂದಾಗ ಮೊದಲು ಕೇಳಿಸಿದ್ದು ಡೊಳ್ಳು. ಇಳಿದವರ ಮುಖದಲ್ಲಿ ಸಿಟ್ಟಿನ ಗುರುತೇ ಇರಲಿಲ್ಲ. ಹೆಂಗಸರು ಬಳೆ ಇಡಿಸಿಕೊಂಡಿದ್ದರು, ಹೆಡ್‌ಮಾಸ್ತರರ ಕೈಯಲ್ಲಿ ಬದನೆಕಾಯಿಯ ಚೀಲವಿತ್ತು. ದಂಡಕ್ಕೂ ವಾಪಸು ಟಿಕೆಟ್ಟಿಗೂ ಗಂಗಮ್ಮನ ಚಿಲ್ಲರೆ ಸಾಕಾಗಿ ಮಿಕ್ಕಿತ್ತು. ಕೊನೆಗೆ ಇಳಿದ ಗಾದ್ರಮ್ಮನ ಹಿಂದೆ ತುಂಬಿದ ಸೀಸೆಗಳು ಬಂದವು.

“ಜಂಕ್ಷನ್ನಿನ ನಲ್ಲಿ ನೀರು ಹಿಡಿದ್ಲು, ನಾನೇ ನೋಡ್ದೆ,” ಎಂದು ಉಚ್ಚಂಗಮ್ಮ ಗಂಡನ ಕಿವಿಯಲ್ಲಿ ಹೇಳಿ, ತನ್ನ ಸೀಸೆಯನ್ನು ಎರಡು ಕಣ್ಣಿಗೂ ಒತ್ತಿಕೊಂಡಳು.

ಅವರ ಹಿಂದೆಯೇ ಸಾಹೇಬರು ಇಳಿದರು. ಇಷ್ಟು ಟಿಕೆಟ್ಟು ಗೋಣಿಕಟ್ಟೆಗೆ ಒಂದೇ ದಿನ ಹರಿದದ್ದು ರೈಲ್ವೆಯ ಚರಿತ್ರೆಯಲ್ಲೇ ಇಲ್ಲ ಎಂದು ಇಂಗ್ಲಿಷಿನಲ್ಲಿ ಶುರುಮಾಡಿದರು. ಇಂಥ ಊರನ್ನು ಕಮಿಷನ್ ಏಜೆಂಟಿನ ಕೈಗೆ ಬಿಟ್ಟದ್ದು ಇಲಾಖೆಯ ತಪ್ಪು. ಇನ್ನು ಮೇಲೆ ಇದು ಪೂರ್ಣ ಸ್ಟೇಷನ್ನು. ದೀಪ, ನಲ್ಲಿ, ಬೆಂಚು, ಕಳಿಸಲು ಬರುವವರಿಗೆ ಪ್ಲಾಟ್‌ಫಾರಂ ಟಿಕೆಟ್ಟು, ಖಾಯಂ ಸ್ಟೇಷನ್ ಮಾಸ್ಟರು, ಎಲ್ಲ ಬರುತ್ತದೆ. ಏಜೆನ್ಸಿ ರದ್ದು ಎಂದು ಮುಗಿಸಿದರು.

“ಏನಂದ್ರು ಮಾಸ್ತರ್ರೇ, ನಮಗೂ ಹೇಳ್ರಿ,” ಎಂದ ಬೆನಕಪ್ಪ.

ಚಿತ್ತಪ್ಪ ಒಂದೊಂದಾಗಿ ಹೇಳತೊಡಗಿದ. “ದೀಪ ಬರ್ತದಂತೆ.” ಜನ ಚಪ್ಪಾಳೆ ತಟ್ಟಿದರು. “ನಲ್ಲಿ ಬರ್ತದಂತೆ.” ಡೊಳ್ಳು ಬಿತ್ತು. “ಖಾಯಂ ಸ್ಟೇಷನ್ ಮಾಸ್ಟರು…”

ಮಾತು ಮುಗಿಸಲು ಯಾರು ಬಿಟ್ಟರು? ನಾಲ್ಕು ಜನ ಅವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಜಯಪ್ಪನೂ ಒಂದು ಕಾಲು ಹಿಡಿದಿದ್ದ. ಕೆಳಗೆ ನಾಗೇಂದ್ರಪ್ಪನವರು ಮಗಳಿಗೆ, “ನಿನ್ನ ಗಂಡಂಗೆ ಖಾಯಂ ಆತು ನೋಡವ್ವ,” ಎಂದು ಕಣ್ಣೊರೆಸಿಕೊಂಡರು. ಆ ಮುಖ ನೋಡಿ ಚಿತ್ತಪ್ಪ ಏಜೆನ್ಸಿ ರದ್ದಾದ ಮಾತನ್ನು ನುಂಗಿಕೊಂಡು ಮೇಲಿಂದಲೇ ಎಲ್ಲರಿಗೂ ಕೈ ಮುಗಿದ.

ರೈಲ್ವೆಯವರು ಅಷ್ಟು ಚುರುಕಾಗಿ ಕೆಲಸ ಮಾಡಿದ್ದು ಅದೇ ಮೊದಲು. ವಾರ ತುಂಬುವುದರೊಳಗೆ ನಿಜವಾದ ಸ್ಟೇಷನ್ ಮಾಸ್ಟರು ಟ್ರಂಕು ಸಮೇತ ಬಂದಿಳಿದರು. ಊರಿಗೆ ಹೊಸ ಮಾಸ್ಟರು ಬಂದರೆ ಹಳಬರಿಗೆ ಏನಾಯಿತು ಎಂದು ಜನ ಕೇಳದೆ ಇರುತ್ತಾರೆಯೇ? ಬೆನಕಪ್ಪ ತಾನೇ ಯೋಚಿಸಿ ಉತ್ತರ ಕಂಡುಹಿಡಿದ. ಬಡ್ತಿ ಆಗಿದೆ, ಹುಬ್ಬಳ್ಳಿಗೆ ವರ್ಗವಾಗಿದೆ ಎಂದು ಮಂಡಕ್ಕಿ ಅಂಗಡಿಯಲ್ಲಿ ಘೋಷಿಸಿದ. ಸಂಜೆಯೊಳಗೆ ಸುದ್ದಿ ಹೊನ್ನಾಳಿ ಮುಟ್ಟಿತು. ಮಾರನೆಯ ದಿನ ಮಾವ ಹೊಸ ಪಂಚೆ, ಪೇಟ ತಂದು ಅಳಿಯನಿಗೆ ಉಡಿಸಿಯೇ ಬಿಟ್ಟರು.

ಕಳಿಸಲು ಊರಿಗೆ ಊರೇ ಬಂತು. ಹೊಸ ಮಾಸ್ಟರಿಗೆ ಪ್ಲಾಟ್‌ಫಾರಂ ಟಿಕೆಟ್ ಹರಿದು ಹರಿದು ಕೈ ಸೋತಿತು. ಕೊನೆಗೆ ಕಿಂಡಿಯ ಮುಂದೆ ಹಾರದ ಭಾರಕ್ಕೆ ಕತ್ತು ಬಗ್ಗಿಸಿಕೊಂಡು ಚಿತ್ತಪ್ಪ ನಿಂತ. ಹಿಂದೆ ಮಾವ ನಿಂತಿದ್ದರು, ಬೇರೆ ದಾರಿಯಿರಲಿಲ್ಲ. ಹುಬ್ಬಳ್ಳಿಗೆ ಒಂದು ಟಿಕೆಟ್ ತೆಗೆದುಕೊಂಡು ಗಾಡಿ ಹತ್ತಿದ. ಅಲ್ಲಿ ಅವನಿಗೆ ಒಂದು ನಾಯಿಯ ಪರಿಚಯವೂ ಇರಲಿಲ್ಲ.

ಗಾಡಿ ಅಲುಗಿದಾಗ ನಾಗೇಂದ್ರಪ್ಪನವರು ಕಿಟಕಿಯ ಜೊತೆಗೇ ನಾಲ್ಕು ಹೆಜ್ಜೆ ಬಂದರು.

“ಅಳಿಯಂದ್ರೇ, ಕ್ವಾಟ್ರಸ್ ದೊಡ್ಡದೇ ಕೇಳಿ ಇಸ್ಕೊಳ್ರಿ. ಮುಂದಿನ ತಿಂಗಳು ಮಗಳ ಜೊತೆ ನಾವೆಲ್ಲಾ ಅಲ್ಲಿಗೇ ಬಂದು ಇರ್ತೀವಿ.”