ನಾನು ಗುರುತು ಹಿಡಿದ ಆಮೆ

ಆಮೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾನು ನಂಬಿದ್ದೆ. ಯಾಕೆಂದರೆ ಪಾಠ ಹೇಳುವವಳೇ ನಾನು. ಗೋಣಿಕೊಪ್ಪಲಿನ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಜೀವಶಾಸ್ತ್ರ ಕಲಿಸುತ್ತಿದ್ದೇನೆ. ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಆಮೆ ಬಿಡಿಸಬಲ್ಲೆ. ಕಣ್ಣು ಬಿಟ್ಟು ಒಂದನ್ನೂ ಸರಿಯಾಗಿ ನೋಡಿರಲಿಲ್ಲ ಅನ್ನುವುದು ಬೇರೆ ಮಾತು.

ನಮ್ಮ ಮನೆ ಹುದಿಕೇರಿ ಹತ್ತಿರ. ಮನೆಯವರು ಊರ ದೇವಸ್ಥಾನದ ಅರ್ಚಕರು. ಹಿತ್ತಲಾಚೆ ಸ್ವಲ್ಪ ಕಾಫಿ ಇದೆ. ಒಂದು ಶನಿವಾರ ನಾನು ಶಾಲೆ ಮುಗಿಸಿ ಬಂದು ಊಟಕ್ಕೆ ಕೂರುವ ಹೊತ್ತಿಗೆ, ಕಾಫಿ ಕುಯ್ಯಲು ಬರುವ ಜಾನಕಿ ಹಿಂಬಾಗಿಲಲ್ಲಿ ಬುಟ್ಟಿ ಇಳಿಸಿದಳು. ಹಣ್ಣಿನ ಮೇಲೆ ಅಂಗೈ ಅಗಲದ ಒಂದು ಆಮೆಮರಿ ಕೂತಿತ್ತು. ಗಿಡದ ಬುಡದ ತರಗೆಲೆಯಲ್ಲಿ ಸಿಕ್ಕಿತಂತೆ.

ಅತ್ತೆಗೆ ಎಲ್ಲಿಲ್ಲದ ಖುಷಿ. ನಮ್ಮ ಬಾವಿಯಲ್ಲಿ ಹಿಂದೆ ಒಂದು ಆಮೆ ಇತ್ತು. ಬಾವಿಯಲ್ಲಿ ಆಮೆ ಇದ್ದರೆ ಕಸಕಡ್ಡಿ ಹುಳಹುಪ್ಪಟೆ ತಿಂದು ನೀರು ತಿಳಿಯಾಗಿಡುತ್ತದೆ ಎಂದು ಈ ಕಡೆ ಹಳಬರೆಲ್ಲ ನಂಬುತ್ತಾರೆ. ಅದು ಹೋದ ಮೇಲೆ ನೀರಿನ ರುಚಿಯೇ ಹೋಯಿತೆಂದು ಅತ್ತೆ ದಿನಕ್ಕೆರಡು ಸಲ ಹೇಳುತ್ತಿದ್ದರು. ಆದರೂ ಅವರು ಹುಷಾರಿನ ಹೆಂಗಸು.

"ಇದು ನೀರಿನದ್ದೋ ಕಾಡಿನದ್ದೋ ಮೊದಲು ಹೇಳು. ಓದಿದವಳು ನೀನು. ಕಾಡಿನದ್ದಾದರೆ ಬಾವಿಗೆ ಬೇಡ, ಮುಳುಗಿ ಸಾಯುತ್ತೆ. ಆ ಪಾಪ ನಮಗೆ ಬೇಡ" ಎಂದರು.

ಒಂದು ಜೀವದ ಪ್ರಶ್ನೆ. ನಾನು ಕನ್ನಡಕ ಏರಿಸಿದೆ.

"ಟೀಚರೇ, ಅದು..." ಎಂದು ಜಾನಕಿ ಬಾಯಿ ತೆರೆದಳು.

"ಜಾನಕಿ, ಒಂದು ನಿಮಿಷ" ಎಂದೆ. ಕೊನೇ ಬೆಂಚಿನವರ ಬಾಯಿ ಮುಚ್ಚಿಸಲು ಇಟ್ಟುಕೊಂಡಿರುವ ಧ್ವನಿ ಅದು. ಪಾಪ, ಬಾಯಿ ಮುಚ್ಚಿ ಹಣ್ಣು ಕುಯ್ಯಲು ಹೋದಳು.

ಮರಿಯನ್ನು ಎತ್ತಿಕೊಂಡೆ. ಎತ್ತಿದ ಕೂಡಲೇ ಅದು ತಲೆ ಕಾಲು ಎಲ್ಲ ಒಳಗೆಳೆದುಕೊಂಡಿತು. ಪರವಾಗಿಲ್ಲ, ಚಿಪ್ಪು ಇದೆಯಲ್ಲ. ನೆಲದ ಆಮೆಗೆ ಗುಡ್ಡದ ಹಾಗೆ ಎತ್ತರದ ಚಿಪ್ಪು ಎಂದು ಪುಸ್ತಕದಲ್ಲಿದೆ. ಇದರದ್ದು ಅಷ್ಟೇನೂ ಎತ್ತರವಿರಲಿಲ್ಲ. ಆದ್ದರಿಂದ ನೀರಿನದ್ದು. ಇಪ್ಪತ್ತೆರಡು ವರ್ಷದ ವಿದ್ವತ್ತು ಅರ್ಧ ನಿಮಿಷದಲ್ಲಿ ಕೆಲಸ ಮುಗಿಸಿತು.

"ನೀರಿನ ಆಮೆ ಕಾಫಿ ಗಿಡದ ಬುಡದಲ್ಲಿ ಎಂಥ ಮಾಡ್ತಾ ಇತ್ತು?" ಎಂದು ಮನೆಯವರು ಕೇಳಿದರು.

"ನೀವು ಪೂಜೆ ನೋಡಿಕೊಳ್ಳಿ, ಬಯಾಲಜಿ ನಾನು ನೋಡಿಕೊಳ್ಳುತ್ತೇನೆ" ಎಂದೆ. ಶಾಲೆಯ ಸ್ಟಾಫ್ ಗ್ರೂಪಿಗೆ ಫೋಟೋ ಹಾಕಿ, 'ಸಿಹಿನೀರಿನ ಆಮೆ, ಎಳೆಯದು' ಎಂದು ಬರೆದೂ ಆಯಿತು. ಗಣಿತದವರು ಹೆಬ್ಬೆರಳೆತ್ತಿದರು. ಹಿಂದಿಯವರು ಕೈಮುಗಿದರು. ಅವರಿಗೆ ತಾನೇ ಏನು ಗೊತ್ತು?

ಬಾವಿಗೆ ಬಿಡಲು ಭಾನುವಾರ ಬೆಳಿಗ್ಗೆ ಒಳ್ಳೆಯ ಹೊತ್ತಿದೆ ಎಂದು ಅತ್ತೆ ಹೇಳಿದ್ದರಿಂದ ಅಲ್ಲಿಯವರೆಗೆ ಆರೈಕೆಯ ಭಾರ ನನ್ನದಾಯಿತು. ಟಬ್ಬಿಗೆ ನೀರು ತುಂಬಿ ಒಂದು ಬದಿಗೆ ಕಲ್ಲಿಟ್ಟೆ. ಮರಿ ಕಲ್ಲು ಹತ್ತಿ ಕೂತದ್ದು ಇಳಿಯಲೇ ಇಲ್ಲ. ನಾಚಿಕೆ ಅಂದುಕೊಂಡೆ. ಆಮೇಲೆ ಅಲ್ಲಿಂದಲೇ ಟಬ್ಬಿನ ಗೋಡೆಗೆ ಮುಂಗಾಲು ಕೊಟ್ಟು ಪರಪರ ಕೆರೆಯತೊಡಗಿತು. ಈಜಿನ ಅಭ್ಯಾಸ ಅಂದುಕೊಂಡೆ. ಆ ಬಡಪ್ರಾಣಿ ಇನ್ನು ಯಾವ ಭಾಷೆಯಲ್ಲಿ ಹೇಳಬೇಕಿತ್ತೋ ನನಗೆ ತಿಳಿಯದು.

ನೀರಿನ ಆಮೆಗೆ ಮೀನು ಬೇಕು. ಅಂಗಡಿಗೆ ಹೋಗಿ ಒಂದು ಹಿಡಿ ಒಣಮೀನು ಕೇಳಿದೆ.

"ನಿಮಗಾ ಟೀಚರೇ?" ಎಂದು ಅಂಗಡಿಯವನು ಎರಡು ಸಲ ಕೇಳಿದ.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ದೇವಸ್ಥಾನ ಮುಟ್ಟಿತ್ತು. ಸಂಜೆ ಪೂಜೆಗೆ ಬಂದವರು ತೀರ್ಥ ತೆಗೆದುಕೊಳ್ಳುತ್ತಾ ಭಟ್ಟರ ಮುಖ ನೋಡಿ ನೋಡಿ ಹೋದರಂತೆ. ಇವರು ಮನೆಗೆ ಬಂದವರೇ ನನ್ನ ಮಾವನ ಕಾಲದಿಂದ ಈ ಮನೆ ಕಾಪಾಡಿಕೊಂಡು ಬಂದ ಮಡಿಯ ಬಗ್ಗೆ ದೀರ್ಘ ಭಾಷಣ ಮಾಡಿದರು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಜಗಲಿಯಲ್ಲೇ ಉಳಿದರು. ಇಷ್ಟೆಲ್ಲ ಆಗಿ ಆಮೆ ಮೀನಿನ ಕಡೆ ತಿರುಗಿಯೂ ನೋಡಲಿಲ್ಲ. ಟಬ್ಬಿನ ಪಕ್ಕ ಇವರು ಇಟ್ಟಿದ್ದ ಹೂಬುಟ್ಟಿಯಿಂದ ಒಂದು ದಾಸವಾಳ ಕಲ್ಲಿನ ಮೇಲೆ ಬಿತ್ತು ನೋಡಿ, ಅದನ್ನು ಕಚಕಚ ತಿಂದು ಮುಗಿಸಿತು.

"ಹೂವು ತಿಂತು ಕಣೇ" ಎಂದರು ಇವರು.

"ಆಕಸ್ಮಿಕ" ಎಂದೆ.

ಭಾನುವಾರ ಅತ್ತೆ ಅದರ ಬೆನ್ನಿಗೆ ಕುಂಕುಮವಿಟ್ಟು, ಕೊಡಪಾನದಲ್ಲಿ ಕೂರಿಸಿ, ಹಗ್ಗ ನನ್ನ ಕೈಗೆ ಕೊಟ್ಟರು. ಮಳೆಗಾಲ ಮುಗಿದು ಬಹಳ ದಿನವಾಗಿರಲಿಲ್ಲ, ನೀರು ಮೇಲೇ ಇತ್ತು. ಇಳಿಸಿದೆ. ಕೊಡಪಾನ ಓರೆಯಾಯಿತು. ಆಮೆ ಜಾರಿ ಸೀದಾ ಕೆಳಗೆ ಹೋಯಿತು.

"ಮುಳುಗಿತು" ಎಂದರು ಇವರು.

"ಡೈವ್ ಹೊಡೆಯಿತು" ಎಂದೆ.

ಸ್ವಲ್ಪ ಹೊತ್ತಿಗೆ ಮೇಲೆ ಬಂತು. ನಾಲ್ಕೂ ಕಾಲು ದಿಕ್ಕಾಪಾಲಾಗಿ ಬಡಿಯುತ್ತಿತ್ತು, ಬಾಯಿ ತೆರೆದಿತ್ತು. ಮತ್ತೆ ಮುಳುಗಿತು. ಆದರೂ ನನ್ನ ಬಾಯಿ ಸೋಲಲಿಲ್ಲ. "ಹೊಸ ಜಾಗ, ಹೊಂದಿಕೊಳ್ಳಬೇಕಲ್ಲ" ಎಂದೆ.

ಹಿತ್ತಲ ದಾರಿಯಲ್ಲಿ ಬರುತ್ತಿದ್ದ ಜಾನಕಿ ಬಗ್ಗಿ ನೋಡಿದವಳೇ, "ಅಯ್ಯೋ ಟೀಚರೇ, ಅದು ಕಾಡಾಮೆ! ಈಜಲಿಕ್ಕೆ ಬರಲ್ಲ ಅದಕ್ಕೆ. ಕಾಲು ನೋಡಲಿಲ್ವಾ ನೀವು?" ಎಂದು ಕೂಗಿದಳು.

ಕಾಲು. ಬೆರಳ ನಡುವೆ ಪೊರೆ ಇದ್ದರೆ ನೀರಿನದ್ದು, ಆನೆಕಾಲಿನ ಹಾಗೆ ಮೊಂಡಾಗಿದ್ದರೆ ನೆಲದ್ದು. ವರ್ಷವರ್ಷವೂ ಪರೀಕ್ಷೆಯಲ್ಲಿ ಈ ಪ್ರಶ್ನೆ ಹಾಕುತ್ತೇನೆ. ತಪ್ಪು ಬರೆದವರನ್ನು ನಿಲ್ಲಿಸಿ, ಕಣ್ಣಿಲ್ವಾ ಎಂದು ಕೇಳಿದ್ದೇನೆ.

ನಾನು ಗಾಬರಿಯಲ್ಲಿ ಕೊಡಪಾನ ಕುಕ್ಕಿದೆ. ಅದು ಮರಿಯ ಪಕ್ಕದಲ್ಲೇ ಬಿದ್ದು, ಅದನ್ನು ಇನ್ನಷ್ಟು ಒಳಗೆ ತಳ್ಳಿತು. "ಕೊಡಿ ಇಲ್ಲಿ" ಎಂದು ಜಾನಕಿ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು, ಕೊಡಪಾನ ಬಿಚ್ಚಿ, ಕಾಫಿ ಕುಯ್ಯುವ ಬುಟ್ಟಿಯೊಳಗೆ ಒಂದು ಕಲ್ಲು ಹಾಕಿ ಕಟ್ಟಿ ಇಳಿಬಿಟ್ಟಳು. ಎರಡು ಸಲ ತಪ್ಪಿತು. ಮೂರನೇ ಸಲ ಸಿಕ್ಕಿತು. ನೀರೆಲ್ಲ ಸೋರಿ ಮರಿ ಮಾತ್ರ ಬುಟ್ಟಿಯಲ್ಲಿ ಉಳಿದು ಮೇಲೆ ಬಂತು. ಕತ್ತು ಜೋತುಬಿದ್ದಿತ್ತು.

ಅವಳು ಅದನ್ನು ತಲೆ ಕೆಳಗೆ ಮಾಡಿ ಹಿಡಿದು, ಕಾಲುಗಳನ್ನು ಮೆಲ್ಲಗೆ ಒತ್ತಿದಳು. ಬಾಯಿಂದ ನೀರು ಬಂತು. ನಾನು ಬಾವಿಕಟ್ಟೆಗೆ ಒರಗಿ ಅಳುತ್ತಿದ್ದೆ. ಆ ಹೊತ್ತಿಗೆ ನನಗೆ ನನ್ನ ಮೇಲೆ ಬಂದ ಅಸಹ್ಯ ಇನ್ಯಾರ ಮೇಲೂ ಬಂದದ್ದಿಲ್ಲ. ತುಂಬಾ ಹೊತ್ತಾದ ಮೇಲೆ ಒಂದು ಕಾಲು ಅಲ್ಲಾಡಿತು. ಮೊಂಡು ಕಾಲು. ಪೊರೆ ಗಿರೆ ಏನೂ ಇರಲಿಲ್ಲ.

ಇವರು ಅರಣ್ಯ ಇಲಾಖೆಗೆ ಫೋನು ಮಾಡಿದರು. ಅದನ್ನು ಮನೆಯಲ್ಲಿಟ್ಟುಕೊಳ್ಳುವುದೇ ತಪ್ಪು, ಚೇತರಿಸಿಕೊಂಡ ಕೂಡಲೇ ಸಿಕ್ಕಿದ ಜಾಗಕ್ಕೇ ಬಿಡಿ ಎಂದರು ಆ ಕಡೆಯವರು.

"ಬಾವಿಗೆ ಹಾಕಿದ್ದು ಯಾರು ಸಾರ್?"

ಇವರು ಸುಳ್ಳು ಹೇಳುವವರಲ್ಲ. "ನಮ್ಮ ಮನೆಯವಳು. ಬಯಾಲಜಿ ಟೀಚರ್" ಎಂದರು.

ಮಧ್ಯಾಹ್ನ ಜಾನಕಿ ಅದನ್ನು ಅದೇ ಗಿಡದ ಬುಡದಲ್ಲಿ ಇಟ್ಟಳು. ಕ್ಷಮೆ ಕೇಳದೆ ಹೇಗೆ ಕಳಿಸುವುದು? ನಾನು ಎದುರಿಗೆ ಕುಕ್ಕರಗಾಲಲ್ಲಿ ಕೂತೆ. ಅದು ತಲೆ ಒಳಗೆಳೆದುಕೊಂಡಿತು. ಕಾದೆ. ತಲೆ ತುಸು ಹೊರಗೆ ಬಂತು, ನನ್ನನ್ನು ನೋಡಿತು, ಮತ್ತೆ ಒಳಗೆ ಹೋಯಿತು.

ಜಾನಕಿ ಬಹಳ ಮರ್ಯಾದೆಯಿಂದ ಹೇಳಿದಳು: "ಟೀಚರೇ, ನೀವೊಂದು ಸ್ವಲ್ಪ ಮನೆಗೆ ಹೋಗ್ತೀರಾ? ನೀವಿದ್ದರೆ ಅದು ಹೊರಡುವುದಿಲ್ಲ."

ನಾನು ಎದ್ದು ಹೋದೆ. ಅದು ಹೊರಟಿತಂತೆ.